ಮೂರು ಭಾಗಗಳ ಒಂದು ಕಾಗದ

ಪುಣೆಯ ಶಿವಾಜಿನಗರದಲ್ಲಿ ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಗುರುತಿಸುವ ಕಟ್ಟಡವೊಂದುಂಟು. ಭಾರತೀಯ ಹವಾಮಾನ ಇಲಾಖೆಯ ಪ್ರಧಾನ ಕಾರ್ಯಾಲಯವು 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಾಗ ಕಡತಗಳೊಡನೆ ಹಳೆಯ ಊರಿನ ಹೆಸರೂ ಬೆಟ್ಟವಿಳಿದು ಬಂದಿತು. 1944ರಲ್ಲಿ ಪ್ರಧಾನ ಕಾರ್ಯಾಲಯವು ದೆಹಲಿಗೆ ಹೊರಟುಹೋಯಿತು, ಹೆಸರು ಮಾತ್ರ ಹೋಗಲಿಲ್ಲ.

ಕೃಷಿಯ ಕುರಿತಾದ ರಾಯಲ್ ಕಮಿಷನ್ನಿನ ಸಲಹೆಯ ಫಲವಾಗಿ 1932ರಲ್ಲಿ ಇದೇ ಪುಣೆಯಲ್ಲಿ, ಸಿ. ವಿ. ರಾಮನ್ನರ ಶಿಷ್ಯರಾದ ಎಲ್. ಎ. ರಾಮದಾಸರ ನೇತೃತ್ವದಲ್ಲಿ, ಕೃಷಿ ಹವಾಮಾನ ವಿಭಾಗವು ಜನ್ಮತಾಳಿತು. ಅದರ ಮುಂದಿದ್ದ ತೊಡಕನ್ನು ಯಾವ ಕಚೇರಿಯವರಾದರೂ ಬಲ್ಲರು. ಮೋಡದ ಗತಿಯನ್ನು ಬಲ್ಲವನಿಗೆ ಹೊಲದ ಹದ ತಿಳಿಯದು, ಹೊಲವನ್ನು ಬಲ್ಲ ಕೃಷಿ ಇಲಾಖೆಗೆ ಮೋಡದ ಲೆಕ್ಕ ದಕ್ಕದು. ಇಬ್ಬರೂ ತಮ್ಮ ತಮ್ಮ ವರದಿಗಳನ್ನು ನಿಷ್ಠೆಯಿಂದ ಬರೆಯುತ್ತಿದ್ದರೂ ಅವೆರಡೂ ಸಂಧಿಸತಕ್ಕ ಸ್ಥಾನವೇ ಇರಲಿಲ್ಲ. ಬಿತ್ತನೆಗೆ ಮುನ್ನ ಬಿದ್ದರೆ ವರವಾಗುವ ಒಂದಂಗುಲ ಮಳೆಯೇ, ಕೊಯ್ದ ಜೋಳದ ತೆನೆ ಕಣದಲ್ಲಿ ಹರಡಿರುವಾಗ ಸುರಿದರೆ ವರ್ಷದ ಅನ್ನಕ್ಕೆ ಸಂಚಕಾರವಾಗುವುದೆಂಬುದನ್ನು ಮಳೆಮಾಪಕವು ಹೇಳಲಾರದಷ್ಟೆ.

ಇದಕ್ಕೆ ದೊರೆತ ಪರಿಹಾರವು ಸಭೆಯಲ್ಲ, ಸುತ್ತೋಲೆಯಲ್ಲ; ‘ಬೆಳೆ-ಹವಾಮಾನ ಪಂಚಾಂಗ’ವೆನ್ನಬಹುದಾದ ಒಂದು ಚಿತ್ರಪಟ. ರಾಜ್ಯಗಳ ಕೃಷಿ ಇಲಾಖೆಗಳ ಸಹಕಾರದಿಂದ ಒಂದೊಂದು ಜಿಲ್ಲೆಗೆ, ಒಂದೊಂದು ಬೆಳೆಗೆ ಪ್ರತ್ಯೇಕವಾಗಿ ಸಿದ್ಧವಾಗುತ್ತಿದ್ದ ಈ ಪಟದ ಕೆಳಭಾಗದಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೆ ಬೆಳೆಯ ಅವಸ್ಥೆಗಳು, ನಡುವೆ ಆಯಾ ಕಾಲದ ವಾಡಿಕೆಯ ಹವೆ, ಮೇಲ್ಭಾಗದಲ್ಲಿ ಆಯಾ ಅವಸ್ಥೆಯಲ್ಲಿ ರೈತನಿಗೆ ಯಾವ ಎಚ್ಚರಿಕೆ ಅವಶ್ಯಕವೆಂಬ ಸೂಚನೆ. ಮುನ್ಸೂಚನೆ ಬರೆಯುವವನು ಇದನ್ನು ಮುಂದಿಟ್ಟುಕೊಂಡು ಕೂತನೆಂದರೆ, ತನ್ನ ಕಣ್ಣಿಗೆ ಬಿದ್ದ ಸಕಲ ಮೋಡಗಳನ್ನೂ ವರ್ಣಿಸುವ ಗೋಜಿಗೆ ಹೋಗದೆ, ಈ ವಾರ ಈ ಜಿಲ್ಲೆಗೆ ಹೇಳತಕ್ಕದ್ದೇನೆಂಬುದನ್ನು ಅರಿಯಬಹುದಾಗಿತ್ತು. 1945ರಲ್ಲಿ ಆಕಾಶವಾಣಿಯ ಮೂಲಕ ಆರಂಭವಾದ ರೈತರ ಹವಾಮಾನ ವಾರ್ತೆಗೆ ಬೇಕಾಗಿದ್ದುದೂ ಇಂಥದೇ ವಿವೇಕ.

ನನ್ನ ಮಟ್ಟಿಗೆ ಈ ಪಟದ ಹೆಚ್ಚುಗಾರಿಕೆಯಿರುವುದು ಅದರ ಮೇಲ್ಭಾಗದಲ್ಲಿ. ಕಳುಹಿಸುವವನು ತನ್ನ ಬಳಿ ಏನಿದೆಯೆಂದು ಸಾರುವುದಕ್ಕೆ ಮೊದಲೇ, ಪಡೆಯುವವನಿಗೆ ಯಾವಾಗ ಏನು ಬೇಕೆಂಬುದು ಅಲ್ಲಿ ಲಿಖಿತವಾಗಿರುತ್ತದೆ. ಅದೇ ಪುಣೆಯ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಸೌಧಗಳಲ್ಲಿ ಇಂದು ಒಂದು ತಂಡವು ಮತ್ತೊಂದಕ್ಕೆ ದಿನವಿಡೀ ಸಂದೇಶಗಳನ್ನು ಸುರಿಸಿದರೂ, ಇಂಥದೊಂದು ಮೇಲ್ಭಾಗವನ್ನು ಬರೆಸಿಕೊಳ್ಳುವ ವ್ಯವಧಾನ ಯಾರಿಗಿದೆಯೋ ಕಾಣೆ. ಬರೆಸಿಕೊಳ್ಳುವುದೆಂದರೆ ನೆರೆಯ ವಿಭಾಗದ ಮುಂದೆ ಕೂತು ಕೇಳಬೇಕು. ಅಧಿಕಾರಸ್ಥರಿಗೆ ಅದು ಸ್ವಲ್ಪ ಮುಜುಗರದ ಕೆಲಸ.

ಈಗ ಹವಾಮಾನ ಇಲಾಖೆಯೂ ಕೃಷಿ ವಿಶ್ವವಿದ್ಯಾಲಯಗಳೂ ಕೂಡಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಗಳಿಗೆ ಸಲಹಾಪತ್ರ ಹೊರಡಿಸುತ್ತವೆ. ಮುಂದಿನ ದಿನಗಳ ಮಳೆಯ ಅಂದಾಜನ್ನು ಇಲಾಖೆ ಒದಗಿಸುತ್ತದೆ. ಔಷಧಿ ಸಿಂಪಡಿಸಬೇಕೆ, ಎರಡು ದಿನ ತಡೆಯಬೇಕೆ ಎಂಬುದನ್ನು ಬೆಳೆ ಬಲ್ಲವರು ಬರೆಯುತ್ತಾರೆ.