ಮಾಂಸದಂಗಡಿಯ ಹಿಂದೆ ಹುಟ್ಟಿದ ಕಾರು

ಬಟ್ಟೆಯಂಗಡಿಯಲ್ಲಿ ಹೊಲಿದ ಚೂಡಿದಾರಕ್ಕೆ ಒಂದು ಬೆಲೆ, ಹೊಲಿಯದ ಸೆಟ್‌ಗೆ ಇನ್ನೊಂದು ಬೆಲೆ ಎಂಬುದು ನಿಮಗೆ ಗೊತ್ತು. ಕೈಯಲ್ಲಿ ಸ್ವಲ್ಪ ಕಸುಬಿರುವ ಸಹೋದರಿಯರು ಹೊಲಿಯದ ಸೆಟ್ಟನ್ನೇ ತಂದು ಮನೆಯ ಮೆಷಿನ್‌ನಲ್ಲಿ ಹೊಲಿದುಕೊಳ್ಳುತ್ತಾರೆ. ಉಳಿದ ಹಣದಲ್ಲಿ ಮಗಳಿಗೂ ಒಂದು ತುಂಡು ಬಟ್ಟೆ ಬರುತ್ತದೆ. ಕಾರನ್ನೂ ಹೀಗೆ ಬಿಡಿಬಿಡಿಯಾಗಿ ತಂದು ಮನೆಯಂಗಳದಲ್ಲಿ ಜೋಡಿಸಿಕೊಳ್ಳುವ ಕಾಲವೊಂದು ಬ್ರಿಟನ್‌ನಲ್ಲಿತ್ತು ಎಂದರೆ ನಂಬುತ್ತೀರಾ? ಅಂಥ ಕಾರಿಗೆ ಅಲ್ಲಿ ಕಿಟ್ ಕಾರು ಎಂದು ಹೆಸರು.

ಇದರ ಮೂಲ ಇದ್ದದ್ದು ಸರಕಾರದ ತೆರಿಗೆಯಲ್ಲಿ. ಎರಡನೇ ಮಹಾಯುದ್ಧದ ಬಳಿಕ ಬ್ರಿಟನ್‌ನಲ್ಲಿ ಹೊಸ ಕಾರಿನ ಮೇಲೆ ಭಾರೀ ಖರೀದಿ ತೆರಿಗೆಯಿತ್ತು. 1959ರಲ್ಲಿ ಅದನ್ನು ಶೇಕಡಾ 60ರಿಂದ 50ಕ್ಕೆ ಇಳಿಸಿದಾಗ ಜನರು ನಿಟ್ಟುಸಿರು ಬಿಟ್ಟರೆಂದರೆ ಹೊರೆ ಎಷ್ಟಿತ್ತೆಂದು ನೀವೇ ಊಹಿಸಿ. ಆದರೆ ಆ ತೆರಿಗೆ ಪೂರ್ತಿ ತಯಾರಾದ ಕಾರಿಗೆ ಮಾತ್ರ. ಬಿಡಿಭಾಗಗಳನ್ನು ಕೊಂಡು ನಿಮ್ಮ ಕೈಯಿಂದಲೇ ಜೋಡಿಸಿಕೊಂಡರೆ ತೆರಿಗೆಯಿಲ್ಲ. ಇದು ಕಳ್ಳದಾರಿಯಲ್ಲ, ಕಾನೂನೇ ತೆರೆದಿಟ್ಟ ಬಾಗಿಲು. ಆ ಬಾಗಿಲಿನಿಂದ ಹತ್ತಾರು ಸಣ್ಣ ಕಂಪೆನಿಗಳು ಒಳಬಂದವು. ಅವುಗಳಲ್ಲಿ ಒಂದರ ಕಥೆ ಇಲ್ಲಿದೆ.

ಬ್ರಿಟನ್‌ನ ಪಶ್ಚಿಮಕ್ಕಿರುವ ವೇಲ್ಸ್ ಪ್ರಾಂತ ಗುಡ್ಡ, ಕುರಿ ಮತ್ತು ಕಲ್ಲಿದ್ದಲಿನ ನಾಡು. ಅಲ್ಲಿನ ಪೋಂಟಿಪ್ರೀದ್ ಪಟ್ಟಣದ ಬಳಿ ಚರ್ಚ್ ವಿಲೇಜ್ ಎಂಬ ಊರಿನಲ್ಲಿ ಜೈಲ್ಸ್ ಸ್ಮಿತ್ ಎಂಬವರು ಮಾಂಸದಂಗಡಿ ನಡೆಸುತ್ತಿದ್ದರು. ತನಗಾಗಿ ಒಂದು ಕಿಟ್ ಕಾರು ಜೋಡಿಸಿಕೊಳ್ಳಬೇಕೆಂಬ ಆಸೆ ಅವರಿಗಿತ್ತು. ಅದೇ ಸಮಯಕ್ಕೆ ಬರ್ನಾರ್ಡ್ ಫ್ರೀಸ್ ಎಂಬ ಜರ್ಮನ್ ಇಂಜಿನಿಯರ್‌ನ ಪರಿಚಯವಾಯಿತು. ಫೈಬರ್ ಗ್ಲಾಸ್ ಕೆಲಸದಲ್ಲಿ ಫ್ರೀಸ್‌ಗೆ ಒಳ್ಳೆಯ ಪಳಗಿದ ಕೈ. ಬೇರೆಯವರ ಕಿಟ್ ತರುವುದೇಕೆ, ನಾವೇ ಒಂದು ಕಾರು ಮಾಡೋಣ ಎಂದು ಇಬ್ಬರೂ ನಿರ್ಧರಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೋಂಟಿಪ್ರೀದ್‌ಗೆ ಸಮೀಪದ ಕಾರ್ಡಿಫ್ ನಗರದ ಮೇಲೆ 1941ರ ಜನವರಿಯಲ್ಲಿ ಜರ್ಮನ್ ವಿಮಾನಗಳು ಬಾಂಬು ಸುರಿಸಿದ್ದವು. ಯುದ್ಧ ಮುಗಿದು ಹದಿನಾಲ್ಕು ವರ್ಷವಷ್ಟೇ ಆಗಿತ್ತು. ಮನೆಮಂದಿಯನ್ನು ಕಳಕೊಂಡವರು ಆ ನೆರೆಕರೆಯಲ್ಲಿ ಇದ್ದೇ ಇದ್ದರು. ಅಂಥ ನೆಲದಲ್ಲಿ ಒಬ್ಬ ಸ್ಥಳೀಯ ವ್ಯಾಪಾರಿ, ಒಬ್ಬ ಜರ್ಮನ್ ಕೆಲಸಗಾರ ಸೇರಿ ಅಂಗಡಿಯ ಹಿಂದೆ ದುಡಿಯಲು ನಿಂತರು. ಕಾರಿನ ಕಥೆಗಿಂತ ನನಗೆ ಹೆಚ್ಚು ಹಿಡಿಸಿದ್ದು ಇದೇ. ಇಬ್ಬರೂ ಹೆಸರನ್ನು ಸಹ ಸಮಾನವಾಗಿ ಹಂಚಿಕೊಂಡರು. ಜೈಲ್ಸ್‌ನ 'ಗಿಲ್', ಬರ್ನಾರ್ಡ್‌ನ 'ಬರ್ನ್' ಸೇರಿ 'ಗಿಲ್‌ಬರ್ನ್' ಆಯಿತು. ಲಾಂಛನದಲ್ಲಿ ವೇಲ್ಸ್‌ನ ಕೆಂಪು ಡ್ರ್ಯಾಗನ್ ಬಂತು.

1959ರಲ್ಲಿ ತಯಾರಾದ ಆ ಮೊದಲ ಕಾರು ಮಾರಾಟಕ್ಕೆಂದು ಮಾಡಿದ್ದೇ ಅಲ್ಲ. ನೋಡಿದವರು ಮೆಚ್ಚಿ, ಇನ್ನಷ್ಟು ಮಾಡಿ ಎಂದು ಒತ್ತಾಯಿಸಿದ ಮೇಲೆ ವ್ಯಾಪಾರದ ಯೋಚನೆ ಬಂತು. ಅಂಗಡಿಯ ಹಿಂದಿನ ಜಾಗ ಸಾಲದೆ ಲಾಂಟ್ವಿಟ್ ಫಾರ್ಡ್ರ ಎಂಬಲ್ಲಿದ್ದ ಹಳೆಯ ಕಲ್ಲಿದ್ದಲು ಗಣಿಯ ಜಾಗಕ್ಕೆ ಕೆಲಸ ಸ್ಥಳಾಂತರವಾಯಿತು.

ಫೈಬರ್ ಗ್ಲಾಸ್ ಕೆಲಸವೆಂದರೆ ಹೀಗೆ: ಮೊದಲು ಕಾರಿನ ಆಕಾರದ ಅಚ್ಚು ಮಾಡಬೇಕು. ಅದರೊಳಗೆ ಗಾಜಿನ ನೂಲಿನ ಚಾಪೆಯಂಥ ಬಟ್ಟೆಯನ್ನು ಹಾಸಿ, ಅಂಟು ದ್ರಾವಣ ಹಚ್ಚಿ, ಗುಳ್ಳೆ ಉಳಿಯದಂತೆ ಒತ್ತಬೇಕು. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಮೈ ಸಿದ್ಧ. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ, ತಾಳ್ಮೆಯ ಕೈಗಳು ಸಾಕು. (ನಮ್ಮ ಬೆಂಗಳೂರಿನಲ್ಲೂ 1980ರ ದಶಕದಲ್ಲಿ ಸಿಪಾನಿಯವರ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ತಯಾರಾಗುತ್ತಿತ್ತು. ಅದರ ಮೂಲ ಮಾದರಿಯೂ ಬ್ರಿಟನ್‌ನದ್ದೇ, ರಿಲಯಂಟ್ ಕಂಪೆನಿಯ ಕಿಟನ್.)

ಗಿಲ್‌ಬರ್ನ್ ಕಿಟ್‌ಗಳ ವಿಶೇಷವೆಂದರೆ ಕಷ್ಟದ ಕೆಲಸವನ್ನೆಲ್ಲ ಕಾರ್ಖಾನೆಯೇ ಮುಗಿಸುತ್ತಿತ್ತು. ಬಣ್ಣ ಬಳಿದು, ಒಳಗಿನ ಸೀಟು, ಹೊದಿಕೆಗಳನ್ನೆಲ್ಲ ಕೂರಿಸಿದ ಮೈ ಮನೆಗೆ ಬರುತ್ತಿತ್ತು. ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆ್ಯಕ್ಸಲ್, ಚಕ್ರ, ಹೊಗೆಕೊಳವೆ ಇತ್ಯಾದಿಗಳನ್ನು ಕೊಂಡವರು ಜೋಡಿಸಿಕೊಳ್ಳಬೇಕು. ನಮ್ಮ ಚೂಡಿದಾರದ ಲೆಕ್ಕದಲ್ಲಿ ಹೇಳುವುದಾದರೆ ಕಸೂತಿ, ಕುತ್ತಿಗೆ ಎಲ್ಲ ಮುಗಿದಿದೆ, ಪಕ್ಕದ ಹೊಲಿಗೆ ಮಾತ್ರ ಬಾಕಿ! ಮೊದಲ ಮಾದರಿ ಜಿಟಿಗೆ ಎಂಜಿ ಕಾರಿನ ಇಂಜಿನ್ ಬಳಕೆಯಾಯಿತು. 1966ರಲ್ಲಿ ಬಂದ ಜೀನಿ ಮಾದರಿಗೆ ಫೋರ್ಡ್‌ನ ಆರು ಸಿಲಿಂಡರಿನ ದೊಡ್ಡ ಇಂಜಿನ್. 1969ರಲ್ಲಿ ಇನ್ವೇಡರ್ ಬಂತು.

ಆ ಹೊತ್ತಿಗೆ ಗೆಳೆಯರಿಬ್ಬರ ಕೈಯಿಂದ ಕಂಪೆನಿ ಜಾರಿತ್ತು. 1968ರಲ್ಲಿ ಅದನ್ನು ಕೊಂಡದ್ದು ಏಸ್ ಎಂಬ ಸಂಸ್ಥೆ. ಅದರ ದಂಧೆ ಕಾಸು ಹಾಕಿ ಆಡುವ ಜೂಜಿನ ಯಂತ್ರಗಳದ್ದು. ಬೆವರು ಸುರಿಸಿ ಕಟ್ಟಿದ್ದು ಎಂಥವರ ಕೈ ಸೇರಿತು ನೋಡಿ! ಮುಂದೆ ಮಾಲಿಕತ್ವ ಮತ್ತೆ ಬದಲಾಯಿತು. ಕಾರುಗಳು ಇನ್ನಷ್ಟು ಚೆನ್ನಾದವು, ಬೆಲೆಯೂ ಏರಿತು. ಕೊನೆಗೆ 1973ರ ಎಪ್ರಿಲ್ 1ರಂದು ಬ್ರಿಟನ್ ಸರಕಾರ ಖರೀದಿ ತೆರಿಗೆ ತೆಗೆದು ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಜಾರಿಗೆ ತಂದಿತು. ವ್ಯಾಟ್‌ಗೆ ಪೂರ್ತಿ ಕಾರೂ ಒಂದೇ, ಬಿಡಿಭಾಗವೂ ಒಂದೇ. ಕಿಟ್‌ಗಿದ್ದ ಲಾಭ ಒಂದೇ ದಿನದಲ್ಲಿ ಹೋಯಿತು. ಮೊದಲೇ ಹಣಕ್ಕೆ ಪರದಾಡುತ್ತಿದ್ದ ಗಿಲ್‌ಬರ್ನ್ ಆ ವರ್ಷ ಮುಳುಗಿತು. ಹದಿನಾಲ್ಕು ವರ್ಷಗಳಲ್ಲಿ ಹೊರಬಂದದ್ದು ಸಾವಿರದ ಆಸುಪಾಸು ಕಾರುಗಳು.

ಕಂಪೆನಿ ಮುಚ್ಚಿದರೆ ಕಾರುಗಳ ಗತಿಯೇನು? ರಿಪೇರಿಗೆ ದಿಕ್ಕಿಲ್ಲದೆ ಗುಜರಿಗೆ ಹೋಗುವುದೇ ವಾಡಿಕೆ. ಗಿಲ್‌ಬರ್ನ್‌ಗೆ ಹಾಗಾಗಲಿಲ್ಲ. ಕಾರ್ಖಾನೆ ಇನ್ನೂ ನಡೆಯುತ್ತಿದ್ದಾಗಲೇ, 1969ರಲ್ಲಿ, ಮಾಲಿಕರ ಒಂದು ಕ್ಲಬ್ ಹುಟ್ಟಿಕೊಂಡಿತ್ತು. ಕಂಪೆನಿ ಹದಿನಾಲ್ಕು ವರ್ಷ ಬಾಳಿದರೆ ಕ್ಲಬ್ ಅರ್ಧ ಶತಮಾನ ದಾಟಿದೆ. ತನ್ನ ಕೈಯಾರೆ ನಟ್ಟು ಬಿಗಿದ ಕಾರನ್ನು ಯಾರೂ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ನೀವೇ ಹೊಲಿದ, ಮಗುವಿನ ಮೊದಲ ಈದ್‌ನ ಅಂಗಿ ಇನ್ನೂ ಕಪಾಟಿನಲ್ಲಿದೆಯಲ್ಲ, ಹಾಗೆ.

ಕ್ಲಬ್ ಎಂದೊಡನೆ ಮೋಜು, ಪಾರ್ಟಿ ಎಂದುಕೊಳ್ಳಬೇಡಿ. ಇಲ್ಲಿ ನಿಜವಾದ ಕೆಲಸವಿದೆ. ಇಂಜಿನ್ ಕೆಟ್ಟರೆ ಎಂಜಿ, ಫೋರ್ಡ್ ಕಾರುಗಳ ಭಾಗಗಳು ಹೇಗೋ ಸಿಗುತ್ತವೆ. ಆದರೆ ಯಾವ ಭಾಗ ಯಾವ ಕಾರಿನದ್ದು ಎಂದು ಗೊತ್ತಿರಬೇಕು. ಗಿಲ್‌ಬರ್ನ್‌ಗೆ ಮಾತ್ರ ಹೊಂದುವ ಭಾಗವಾದರೆ ಯಾವ ಅಂಗಡಿಯಲ್ಲೂ ಇಲ್ಲ. ಹತ್ತು ಜನ ಸೇರಿ ಒಟ್ಟಿಗೆ ಮಾಡಿಸಿದರೆ ಮಾತ್ರ ಕೈಗೆಟಕುವ ಬೆಲೆಗೆ ಸಿಗುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹಳಬರು ಹೊಸಬರಿಗೆ ಕೊಡುತ್ತಾರೆ: ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ, ಅದರ ಹೊಳಪಿಗೆ ಮರುಳಾಗಬೇಡಿ, ಕೆಳಗಿನ ಉಕ್ಕಿನ ಚೌಕಟ್ಟು ಸದ್ದಿಲ್ಲದೆ ತಿಂದುಹೋಗಿರುತ್ತದೆ. ಬಗ್ಗಿ ನೋಡಿಯೇ ಹಣ ಕೊಡಿ.

ಇಂಥ ಹಳೆಯ ಕಾರುಗಳ ಕ್ಲಬ್‌ಗಳಿಂದ ಹೆಂಗಸರಿಗೂ ಆಗುವ ಒಂದು ಉಪಕಾರವಿದೆ. ಗಂಡ ತೀರಿಹೋದ ಮೇಲೆ ಶೆಡ್‌ನಲ್ಲಿ ಅರ್ಧ ಬಿಚ್ಚಿದ ಕಾರು, ಡಬ್ಬಿಗಟ್ಟಲೆ ನಟ್ಟುಬೋಲ್ಟು ಉಳಿಯುತ್ತದೆ. ಹೆಂಡತಿಗೆ ಅದರ ಬೆಲೆ ಗೊತ್ತಿಲ್ಲ. ಗುಜರಿಯವನು ಬಂದು, ಇದೆಲ್ಲ ಕಸ, ಸಾಗಿಸುವ ಖರ್ಚು ಕೊಟ್ಟರೆ ಒಯ್ಯುತ್ತೇನೆ ಎನ್ನುತ್ತಾನೆ. ಆಗ ಕ್ಲಬ್ಬಿನವರೊಬ್ಬರು ಬಂದು ಚಾಸಿ ನಂಬರ್ ನೋಡಿ, ಡಬ್ಬಿಗಳನ್ನು ತೆರೆದು, ಯಾವುದು ಏನು, ನ್ಯಾಯವಾದ ಬೆಲೆಯೆಷ್ಟು ಎಂದು ಆಕೆಗೆ ಬರೆದುಕೊಡುತ್ತಾರೆ.

ಗಿಲ್‌ಬರ್ನ್‌ನವರು 1970ರ ಸುಮಾರಿಗೆ ಟಿ11 ಎಂಬ ಇನ್ನೊಂದು ಪುಟ್ಟ ಕಾರಿಗೆ ಕೈಹಾಕಿದ್ದರು. ಹಣ ಸಾಲದೆ ಒಂದೇ ಒಂದು ಪೂರ್ತಿಯಾಗಿತ್ತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಆ ಒಂಟಿ ಕಾರನ್ನೂ ಯಾರೂ ಗುಜರಿಗೆ ಹಾಕಲಿಲ್ಲ. ದಶಕಗಳ ನಂತರ ಅದಕ್ಕೆ ಮತ್ತೆ ಜೀವ ತುಂಬಲಾಗಿದೆ.