ಆಕಾಶದ ದಢೂತಿ

ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರಕ್ಕೆ ಅಟಕಾಮವೆಂಬ ಮರುಭೂಮಿಯುಂಟು. ಮಳೆಯೆಂದರೇನೆಂಬುದನ್ನು ಅಲ್ಲಿನ ನೆಲ ಮರೆತೇ ಬಿಟ್ಟಿದೆಯೆನ್ನಬೇಕು. ಅಲ್ಲಿ ಸೆರೊ ಟೊಕೊ ಎಂಬ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ 5,190 ಮೀಟರ್ ಎತ್ತರದಲ್ಲಿ, 6 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದು 2007ರಿಂದ 2022ರ ವರೆಗೆ ಆಕಾಶವನ್ನು ಪರೀಕ್ಷಿಸುತ್ತಿತ್ತು. ಅದು ಅರಸುತ್ತಿದ್ದುದು ನಕ್ಷತ್ರಗಳ ಬೆಳಕನ್ನಲ್ಲ; ನಕ್ಷತ್ರಗಳು ಹುಟ್ಟುವುದಕ್ಕೂ ಮೊದಲೇ ಹೊರಟು, ವಿಶ್ವವು ಹಿಗ್ಗಿದಂತೆಲ್ಲ ತಣ್ಣಗಾಗಿ, ಈಗ ಸೂಕ್ಷ್ಮತರಂಗಗಳ ರೂಪದಲ್ಲಿ ಎಲ್ಲ ದಿಕ್ಕಿನಿಂದಲೂ ನಮ್ಮತ್ತ ಬರುತ್ತಿರುವ ಆದಿಯ ಬೆಳಕನ್ನು. ಗಾಳಿಯಲ್ಲಿ ತುಸು ತೇವವಿದ್ದರೂ ಅದು ಈ ತರಂಗಗಳನ್ನು ನುಂಗಿಬಿಡುತ್ತದೆ. ಆದುದರಿಂದಲೇ ವಿಜ್ಞಾನಿಗಳು ಉಸಿರಾಡುವುದೇ ಕಷ್ಟವಾದ ಆ ಒಣಬೆಟ್ಟವನ್ನು ಹತ್ತಿದರು.

ಈ ಆದಿಯ ಬೆಳಕಿನಲ್ಲಿ ಅವರು ಹುಡುಕಿದ್ದು ನೆರಳುಗಳನ್ನು. ದಾರಿಯಲ್ಲಿ ಎಲ್ಲಿಯಾದರೂ ಅತಿ ಬಿಸಿಯಾದ ಅನಿಲವಿದ್ದರೆ, ಅದರೊಳಗಿನ ಎಲೆಕ್ಟ್ರಾನುಗಳು ಹಾದುಹೋಗುವ ಬೆಳಕಿನ ಕಣಗಳಿಗೆ ಢಿಕ್ಕಿ ಕೊಟ್ಟು, ಅವುಗಳ ಶಕ್ತಿಯನ್ನು ಹೆಚ್ಚಿಸುತ್ತವೆ. ಹೀಗೆ ಮೇಲಕ್ಕೆ ಬಡ್ತಿ ಪಡೆದ ಕಣಗಳಿಂದಾಗಿ ಕೆಳಗಿನ ಮಟ್ಟದಲ್ಲಿ ಕೊರತೆ ಬೀಳುತ್ತದೆ. ಆ ಕೊರತೆಯೇ ನೆರಳಾಗಿ ತೋರುತ್ತದೆ. ಸುನ್ಯಾಯೆವ್ ಮತ್ತು ಜೆಲ್ದೊವಿಚ್ ಎಂಬ ಇಬ್ಬರು ಸೋವಿಯೆತ್ ವಿಜ್ಞಾನಿಗಳು 1970ರ ಸುಮಾರಿಗೆ ಇದನ್ನು ಲೆಕ್ಕಹಾಕಿ ಹೇಳಿದ್ದರು. ಇದರ ದೊಡ್ಡ ಗುಣವೇನೆಂದರೆ, ದೀಪವು ದೂರ ಹೋದಂತೆ ಮಂಕಾಗುತ್ತದೆ, ಈ ನೆರಳು ಮಂಕಾಗುವುದಿಲ್ಲ. ಅನಿಲವು ಎಷ್ಟೇ ದೂರದಲ್ಲಿರಲಿ, ಬೆಳಕು ಅದರ ಹಿಂದಿನಿಂದಲೇ ಬರುತ್ತಿದೆಯಲ್ಲವೇ?

ಹಾಗೆ ಹುಡುಕಿದ ಭಾಗದಲ್ಲಿ ಎಲ್ಲಕ್ಕಿಂತ ಗಾಢವಾಗಿ ಕಂಡ ನೆರಳಿಗೆ ವಿಜ್ಞಾನಿಗಳು ‘ಎಲ್ ಗೋರ್ಡೊ’ ಎಂದು ಹೆಸರಿಟ್ಟರು. ಚಿಲಿಯವರ ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ದಪ್ಪನೆಯವನು’. ನಮ್ಮ ಆಡುಮಾತಿನಲ್ಲಿ ದಢೂತಿ. 2012ರಲ್ಲಿ ಈ ಶೋಧವನ್ನು ಪ್ರಕಟಿಸಲಾಯಿತು.

ದಢೂತಿಯೆಂಬುದು ಒಂದು ನಕ್ಷತ್ರವಲ್ಲ, ಒಂದು ಗೆಲಕ್ಸಿಯೂ ಅಲ್ಲ. ನಮ್ಮ ಸೂರ್ಯನಂಥ ಸಹಸ್ರ ಸಹಸ್ರ ಕೋಟಿ ನಕ್ಷತ್ರಗಳು ಸೇರಿದರೆ ಆಕಾಶಗಂಗೆಯಂಥ ಒಂದು ಗೆಲಕ್ಸಿಯಾಗುತ್ತದೆ. ಅಂಥ ನೂರಾರು ಗೆಲಕ್ಸಿಗಳು ಗುರುತ್ವಾಕರ್ಷಣೆಯ ಬಂಧನದಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿರುವುದುಂಟು. ಎಲ್ ಗೋರ್ಡೊ ಅಂಥ ಒಂದು ಗೊಂಚಲು. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 700 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ. ಅದು ಹೊರಟಾಗ ಭೂಮಿಯಿರಲಿಲ್ಲ, ಸೂರ್ಯನೂ ಇರಲಿಲ್ಲ.

ನೆರಳನ್ನು ಕಂಡದ್ದಾಯಿತು, ಅದನ್ನು ಬೀರಿದ ವಸ್ತುವಿನ ಮೈಮಾಟವನ್ನು ತಿಳಿಯುವುದು ಹೇಗೆ? ಬಿಸಿ ಅನಿಲವು ಕ್ಷ-ಕಿರಣಗಳನ್ನು ಸೂಸುತ್ತದೆ. ಆದರೆ ನಮ್ಮ ವಾಯುಮಂಡಲವು ಅವನ್ನು ಕೆಳಗಿಳಿಯಗೊಡುವುದಿಲ್ಲ. ಜೀವಿಗಳಿಗೆ ಅದು ಉಪಕಾರವೇ ಸರಿ, ಖಗೋಲವಿಜ್ಞಾನಿಗಳಿಗೆ ಮಾತ್ರ ತೊಡಕು. ಆದುದರಿಂದ ಈ ಕೆಲಸ ‘ಚಂದ್ರ’ ಎಂಬ ಬಾಹ್ಯಾಕಾಶ ದೂರದರ್ಶಕದ ಪಾಲಿಗೆ ಬಂತು. 1999ರಲ್ಲಿ ಅಮೆರಿಕವು ಹಾರಿಸಿದ ಈ ಉಪಕರಣದ ಹೆಸರು ತಿಂಗಳನದಲ್ಲ. 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರದು. ಕ್ಷ-ಕಿರಣವು ಕನ್ನಡಿಗೆ ನೇರವಾಗಿ ಬಡಿದರೆ ಒಳಹೊಕ್ಕು ಮಾಯವಾಗುತ್ತದೆ. ಕೆರೆಯ ನೀರಿನ ಮೇಲೆ ಹುಡುಗರು ಓರೆಯಾಗಿ ಎಸೆದ ಬಿಲ್ಲೆಕಲ್ಲು ಪುಟಿಯುತ್ತ ಸಾಗುವಂತೆ, ಕೊಳವೆಯಾಕಾರದ ಕನ್ನಡಿಗಳ ಒಳಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದರೆ ಮಾತ್ರ ಅದು ಹಿಡಿತಕ್ಕೆ ಸಿಗುತ್ತದೆ. ‘ಚಂದ್ರ’ನ ಕನ್ನಡಿಗಳು ಅಂಥವು.

ಅದು ತೆಗೆದ ಚಿತ್ರವು ಬೆರಗುಗೊಳಿಸುವಂಥದು. ಹತ್ತು ಕೋಟಿ ಡಿಗ್ರಿಗೂ ಮಿಕ್ಕ ತಾಪದ ಅನಿಲವು ಧೂಮಕೇತುವಿನಂತೆ, ಹಿಂದೆ ಎರಡು ಬಾಲಗಳನ್ನು ಬಿಟ್ಟುಕೊಂಡಿತ್ತು. ತಣ್ಣಗೆ ತನ್ನಷ್ಟಕ್ಕೆ ಇರುವ ಗೊಂಚಲು ಹಾಗೆ ಕಾಣುವುದಿಲ್ಲ. ಎರಡು ಗೊಂಚಲುಗಳು ಒಂದನ್ನೊಂದು ಅಪ್ಪಳಿಸಿ, ಒಂದರೊಳಗಿನಿಂದ ಮತ್ತೊಂದು ಹಾದುಹೋಗಿರಬೇಕು. ಚಿಲಿಯಲ್ಲಿಯೇ ಪರನಾಲ್ ಬೆಟ್ಟದ ಮೇಲಿರುವ, 8.2 ಮೀಟರ್ ಕನ್ನಡಿಗಳ ದೂರದರ್ಶಕಗಳಿಂದ ಅಲ್ಲಿನ 89 ಗೆಲಕ್ಸಿಗಳ ರೋಹಿತವನ್ನು ಪರೀಕ್ಷಿಸಿದಾಗ, ಅವುಗಳ ವೇಗಗಳು ಸೆಕೆಂಡಿಗೆ 1,300 ಕಿಲೋಮೀಟರುಗಳಷ್ಟು ಹರಡಿಕೊಂಡಿರುವುದು ತಿಳಿಯಿತು.

ಈ ಶೋಧದಲ್ಲಿ ನಮ್ಮ ನೆರೆನಾಡಿಗೂ ಪಾಲುಂಟು. ಪುಣೆಯ ಜಿಲ್ಲೆಯ ಖೋಡದ್ ಗ್ರಾಮದ ಸುತ್ತ, ತಲಾ 45 ಮೀಟರ್ ಅಗಲದ 30 ತಟ್ಟೆಗಳುಳ್ಳ ರೇಡಿಯೋ ದೂರದರ್ಶಕವಿದೆ. ಅದೂ ಆಸ್ಟ್ರೇಲಿಯದ ಇನ್ನೊಂದೂ ಸೇರಿ ಕೇಳಿದ ರೇಡಿಯೋ ಸದ್ದನ್ನು 2014ರಲ್ಲಿ ವಿವರಿಸಲಾಯಿತು. ಡಿಕ್ಕಿಯ ಆಘಾತದಿಂದ ವೇಗಗೊಂಡ ಎಲೆಕ್ಟ್ರಾನುಗಳು ದಢೂತಿಯ ಅಂಚಿನಲ್ಲಿ ಇನ್ನೂ ಗುನುಗುತ್ತಿದ್ದವು.

ಇನ್ನು ತೂಕದ ಮಾತು. ಕಣ್ಣಿಗೆ ಕಾಣುವುದನ್ನೆಲ್ಲ ಕೂಡಿದರೂ ಗೊಂಚಲಿನ ತೂಕ ಸಾಲದೆಂಬುದು ಹಳೆಯ ಸಮಸ್ಯೆ. ಸ್ವಿಸ್ ಮೂಲದ ಫ್ರಿಟ್ಸ್ ಜ್ವಿಕಿ 1933ರಲ್ಲಿಯೇ, ಕೋಮಾ ಗೊಂಚಲಿನ ಗೆಲಕ್ಸಿಗಳು ಅಷ್ಟು ವೇಗದಿಂದ ಓಡುತ್ತಲೂ ಚದುರಿಹೋಗದಿರುವುದಕ್ಕೆ ಕಾಣದ ಯಾವುದೋ ದ್ರವ್ಯವೇ ಕಾರಣವೆಂದು ಶಂಕಿಸಿದ್ದನು. ಕಾಣದಿದ್ದರೇನು, ಅದರ ಭಾರವು ಸುಳ್ಳಾಗದು. ಹಿಂದಿರುವ ಗೆಲಕ್ಸಿಗಳ ಬೆಳಕನ್ನು ಆ ಭಾರವು ಬಾಗಿಸುತ್ತದೆ. ಗಾಜಿನ ಲೋಟದ ತಳದ ಮೂಲಕ ಪುಸ್ತಕವನ್ನು ಓದಿದಾಗ ಅಕ್ಷರಗಳು ಸೊಟ್ಟಗಾಗುವಂತೆ ಅವುಗಳ ಆಕಾರ ಸೊಟ್ಟಗಾಗುತ್ತದೆ. ಆ ಸೊಟ್ಟವನ್ನು ಅಳೆದರೆ ಭಾರವು ತಿಳಿಯುತ್ತದೆ. ಹಬಲ್ ದೂರದರ್ಶಕದ ಚಿತ್ರಗಳಿಂದ ಹೀಗೆ ಅಳೆದಾಗ 2014ರಲ್ಲಿ ಬಂದ ಉತ್ತರ: ಸೂರ್ಯನ ತೂಕದ 3ರ ಮುಂದೆ 15 ಸೊನ್ನೆಗಳಷ್ಟು! ಹಿಂದಿನ ಅಂದಾಜಿಗಿಂತ ಇದು ಶೇಕಡ 43ರಷ್ಟು ಹೆಚ್ಚು.

ತೂಕ ಹೆಚ್ಚಾದರೆ ವಿಜ್ಞಾನಿಗಳಿಗೇಕೆ ಚಿಂತೆ? ವಿಶ್ವದ ವಯಸ್ಸು ಈಗ 1,380 ಕೋಟಿ ವರ್ಷ. ನಾವು ಕಾಣುತ್ತಿರುವ ದಢೂತಿಯ ಕಾಲಕ್ಕೆ ಅದರ ಅರ್ಧಕ್ಕೂ ಕಡಿಮೆ. ಸಣ್ಣ ಗುಂಪುಗಳು ಕೂಡಿ ಕೂಡಿ ದೊಡ್ಡ ಗೊಂಚಲುಗಳಾಗುತ್ತವೆಂಬುದು ಇಂದಿನ ಸಿದ್ಧಾಂತ. ಅಷ್ಟು ಎಳೆಯ ವಿಶ್ವದಲ್ಲಿ ಇಷ್ಟು ಬೆಳೆದ ಎರಡು ಗೊಂಚಲುಗಳು, ಅದೂ ಇಂಥ ವೇಗದಲ್ಲಿ ಬಡಿದಾಡಿರುವುದೆಂದರೆ, ಹಾಲುಹಲ್ಲಿನ ಕೂಸಿಗೆ ಮೀಸೆ ಬಂದಂತಾಯಿತು. ಇಂಥವು ಹಲವು ಸಿಕ್ಕರೆ ಸಿದ್ಧಾಂತವನ್ನೇ ತಿದ್ದಬೇಕಾದೀತು. 2021ರಲ್ಲಿ ವಿಶಾಲತರವಾದ ಹಬಲ್ ಚಿತ್ರಗಳಿಂದ ಮತ್ತೆ ತೂಗಿದಾಗ ಅಂಕಿ 3ರಿಂದ 2.1ರ ಸುಮಾರಿಗೆ ಇಳಿಯಿತು. ಕೆಲವರು ನಿಟ್ಟುಸಿರಿಟ್ಟರು. ಆದರೆ ಈ ಕಡಿಮೆ ತೂಕವನ್ನೇ ಒಪ್ಪಿಕೊಂಡರೂ ಡಿಕ್ಕಿಯ ವೇಗವು ಸಿದ್ಧಾಂತಕ್ಕೆ ಒಗ್ಗದೆಂದು ಬೇರೆ ವಿಜ್ಞಾನಿಗಳು 2023ರಲ್ಲಿ ವಾದಿಸಿದರು. ಒಂದೇ ಉದಾಹರಣೆಯಿಂದ ಸಿದ್ಧಾಂತವನ್ನು ಉರುಳಿಸುವುದು ಆತುರವೆಂದು ನನಗೆ ತೋರುತ್ತದೆ; ಆದರೆ ಪ್ರಶ್ನೆಯನ್ನು ಮುಚ್ಚಿಡುವುದಂತೂ ಸಲ್ಲದು.

ಅದೇ 2023ರಲ್ಲಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ವೆಬ್ ದೂರದರ್ಶಕದ ಚಿತ್ರವು ಪ್ರಕಟವಾಯಿತು. ಕೆಂಪಿನಾಚೆಯ ಬೆಳಕನ್ನು ಹಿಡಿಯುವ ಅದು, ದಢೂತಿಯ ಭಾರದಿಂದ ಬಾಗಿ ಹಿಗ್ಗಿದ ಹಿಂದಿನ ಗೆಲಕ್ಸಿಗಳನ್ನು ತೋರಿಸಿತು. ಎಳೆದ ಗೆರೆಯಂತಿದ್ದ ಒಂದಕ್ಕೆ ‘ಲಾ ಫ್ಲಾಕಾ’, ಎಂದರೆ ‘ತೆಳ್ಳನೆಯವಳು’ ಎಂದು ಹೆಸರು. ಗಾಳದಂತೆ ಬಾಗಿದ ಕೆಂಪು ಗೆಲಕ್ಸಿಗೆ ‘ಎಲ್ ಅನ್ಸುಯೆಲೊ’. ಆ ಗಾಳದ ಬೆಳಕು 1,060 ಕೋಟಿ ವರ್ಷ ಪ್ರಯಾಣ ಮಾಡಿದೆ. ತೆಳ್ಳನೆಯವಳ ಸಮೀಪದಲ್ಲಿ ಒಂಟಿ ಕೆಂಪು ದೈತ್ಯ ನಕ್ಷತ್ರವೊಂದು ಕಂಡಿತು. ಅದಕ್ಕೆ ಆಂಡಿಸ್ ಪರ್ವತದ ಮೂಲನಿವಾಸಿಗಳ ಕೆಚುವ ಭಾಷೆಯಿಂದ ‘ಕುಯ್ಯುರ್’ ಎಂಬ ಹೆಸರನ್ನು ತಂದಿಟ್ಟರು. ಆ ನುಡಿಯಲ್ಲಿ ಅದರ ಅರ್ಥ ‘ನಕ್ಷತ್ರ’ ಎಂದಷ್ಟೆ. ಭಾಷೆಯ ಮೇಷ್ಟರಾದ ನನಗೆ ಈ ಹೆಸರುಗಳ ಸರಣಿಯೂ ಚಿತ್ರದಷ್ಟೇ ರುಚಿಸಿತು.

ಸೆರೊ ಟೊಕೊ ಬೆಟ್ಟದ ಹಳೆಯ ದೂರದರ್ಶಕವು ಕೆಲಸ ಮುಗಿಸಿದೆ. ಅದೇ ಬೆಟ್ಟದ ಮೇಲೆ ಈಗ ಸೈಮನ್ಸ್ ವೀಕ್ಷಣಾಲಯದ ಹೊಸ ಉಪಕರಣಗಳು ತಲೆಯೆತ್ತಿವೆ. ಆದಿಯ ಬೆಳಕಿನಲ್ಲಿ ಇನ್ನಷ್ಟು ನೆರಳುಗಳನ್ನು ಹುಡುಕುವುದು ಅವುಗಳ ಕೆಲಸಗಳಲ್ಲೊಂದು.