ಅಕೇಶಿಯಾ ತೋಪಿನ ಅಡಿಯ ಮಣ್ಣು

ಕರ್ನಾಟಕದ ಕರಾವಳಿಗೆ ಹೊರಗಿನಿಂದ ಬಂದು ನೆಲೆನಿಂತ ಮರಗಳಲ್ಲಿ ಗಾಳಿಮರ ಮತ್ತು ಅಕೇಶಿಯಾ ಮುಖ್ಯವಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ಕಡಲದಂಡೆಗೆ ಬಂದ ಗಾಳಿಮರವೂ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗಳ ಕಾಲದಲ್ಲಿ ಮುರಕಲ್ಲಿನ ಗುಡ್ಡಗಳನ್ನು ವ್ಯಾಪಿಸಿದ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಕಡೆಯ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಪ್ರಭೇದವೂ ಸಾರವಿಲ್ಲದ ನೆಲದಲ್ಲಿ ಸೊಂಪಾಗಿ ಬೆಳೆಯುವುದರ ಹಿಂದೆ ಅವುಗಳ ಬೇರಿನಲ್ಲಿರುವ ಸೂಕ್ಷ್ಮಜೀವಿಗಳ ಪಾಲು ದೊಡ್ಡದು.

ಗಾಳಿಮರದ ಬೇರಿನಲ್ಲಿ ಫ್ರಾಂಕಿಯಾ ಎಂಬ ಎಳೆರೂಪದ ಬ್ಯಾಕ್ಟೀರಿಯಾವೂ ಅಕೇಶಿಯಾದ ಬೇರಿನಲ್ಲಿ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳೂ ಗಂಟು ಕಟ್ಟಿಕೊಂಡು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ರೂಪಕ್ಕೆ ತರುತ್ತವೆ. ಇದೇ ಸಾರಜನಕ ಸ್ಥಿರೀಕರಣ. ಉದುರಿದ ಎಲೆ, ಸತ್ತ ಬೇರುಗಳ ಮೂಲಕ ಮಣ್ಣು ಸೇರುವ ಈ ಸಾರಜನಕವನ್ನು ಬೇರೊಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿಸುವಾಗ ಆಮ್ಲೀಯ ಅಯಾನುಗಳು ಬಿಡುಗಡೆಯಾಗುವುದರಿಂದಲೂ, ಆ ನೈಟ್ರೇಟ್ ಮುಂಗಾರಿನ ನೀರಿನೊಡನೆ ಕೆಳಗಿಳಿದು ಹೋಗುವುದರಿಂದಲೂ ಮೊದಲೇ ಹುಳಿಯಾದ ಮುರಕಲ್ಲು ಮಣ್ಣು ಇನ್ನಷ್ಟು ಹುಳಿಯಾಗುವ ಸಾಧ್ಯತೆ ಇರುತ್ತದೆ.

ಅಕೇಶಿಯಾದ ಕುಡುಗೋಲಿನಾಕಾರದ ಎಲೆ ವಾಸ್ತವವಾಗಿ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಮೇಣದ ಹೊದಿಕೆಯೊಂದಿಗೆ, ಮರಕ್ಕೆ ಗಡಸುತನ ನೀಡುವ ಲಿಗ್ನಿನ್ ಮತ್ತು ಒಗರಿನ ಟ್ಯಾನಿನ್‌ಗಳನ್ನೂ ಹೊಂದಿರುವ ಇದು ಬೇಗ ಕೊಳೆಯದೆ ನೆಲದ ಮೇಲೆ ದಪ್ಪ ಪದರವಾಗಿ ನಿಲ್ಲುವುದರಿಂದ, ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ಉತ್ತರ ಕನ್ನಡದ ಕೃಷಿಕರಿಗೆ ಮಿಶ್ರ ಕಾಡಿನ ತರಗೆಲೆಯಷ್ಟು ಒದಗುವುದಿಲ್ಲ. ಲಿಗ್ನಿನ್ ಒಡೆಯುವ ಕೆಲಸ ಮುಖ್ಯವಾಗಿ ಶಿಲೀಂಧ್ರಗಳದ್ದಾದ್ದರಿಂದ, ಹಲವು ಬಗೆಯ ಎಲೆಗಳ ಜಾಗದಲ್ಲಿ ಒಂದೇ ಬಗೆಯ ಗಡಸು ಎಲೆ ಬೀಳತೊಡಗಿದಾಗ ಕೊಳೆಸುವ ಜೀವಿಸಮುದಾಯದ ರಚನೆಯೂ ಬದಲಾಗುತ್ತದೆ.

ಇಷ್ಟರಿಂದಲೇ ಅಕೇಶಿಯಾ ಮಣ್ಣನ್ನು ಕೊಲ್ಲುತ್ತದೆ ಎಂದು ತೀರ್ಮಾನಿಸುವಂತಿಲ್ಲ. ಮೇಲ್ಮಣ್ಣು ಕೊಚ್ಚಿಹೋದ ಬೋಳು ಗುಡ್ಡದೊಂದಿಗೆ ಹೋಲಿಸಿದರೆ ತೋಪಿನ ಮಣ್ಣಿನಲ್ಲಿ ಸಾವಯವ ಇಂಗಾಲವೂ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಹೆಚ್ಚಬಹುದು. ಆದರೆ ಹೋಲಿಕೆಗೆ ನಿತ್ಯಹರಿದ್ವರ್ಣದ ಕಾನನ್ನು ತೆಗೆದುಕೊಂಡರೆ ಚಿತ್ರ ಬೇರೆ. ಅಲ್ಲಿನ ಧೂಪ, ಬೋಗಿಯಂಥ ಮರಗಳು ಬೇರಿನ ತುದಿಯನ್ನು ಹೊರಗಿನಿಂದ ಕವಿದುಕೊಳ್ಳುವ ಶಿಲೀಂಧ್ರಗಳೊಡನೆ ಬಾಳುತ್ತವೆ. ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ರಂಜಕವನ್ನು ಮರಕ್ಕೆ ಒದಗಿಸಲು ನೆರವಾಗುವ ಈ ಸಂಗಾತಿಗಳು, ಆಶ್ರಯದ ಮರಗಳು ಅಳಿದು ದೀರ್ಘಕಾಲ ಕಳೆದಂತೆ ವಿರಳವಾಗುತ್ತವೆ. ಆದ್ದರಿಂದ ಅಕೇಶಿಯಾವನ್ನು ಕಡಿದ ಮಾತ್ರಕ್ಕೆ ಕಾನು ಮರಳುವುದಿಲ್ಲ. ಸ್ಥಳೀಯ ಸಸಿಗಳನ್ನು ಬೆಳೆಸುವ ನರ್ಸರಿಯ ಚೀಲಕ್ಕೆ ಹಳೆಯ ಮರದ ಬುಡದ ಮಣ್ಣನ್ನು ಸ್ವಲ್ಪ ಬೆರೆಸಿ, ಸಸಿಯೊಂದಿಗೆ ಅದರ ಶಿಲೀಂಧ್ರವನ್ನೂ ಗುಡ್ಡಕ್ಕೆ ಕಳುಹಿಸುವುದು ಪುನಶ್ಚೇತನದ ಭಾಗವಾಗಬೇಕಾಗುತ್ತದೆ.